ಫಳಫಳ ಹೊಳೆಯುವ ಪ್ಯಾಲೆಟ್

ಇವತ್ತು ಬೆಳಿಗ್ಗೆ ಮನೆಯವರು ಏಳುವ ಮೊದಲು ಒಂದು ಆಕಾಶ ಬಿಡಿಸಿಬಿಡೋಣ ಅಂತ ಟೇಬಲ್ ಮುಂದೆ ಕೂತೆ. ಹಾಳೆ ಇತ್ತು, ಕುಂಚ ಇತ್ತು, ಬಣ್ಣ ಹಾಕಿಡುವ ಗುಳಿಗಳ ತಟ್ಟೆ, ಅದೇ ಪ್ಯಾಲೆಟ್, ಅದು ಮಾತ್ರ ಇಲ್ಲ. ಟೇಬಲ್ ಕೆಳಗೆ, ಮಂಚದ ಕೆಳಗೆ, ಪುಸ್ತಕಗಳ ಹಿಂದೆ ಎಲ್ಲಾ ಹುಡುಕಿದೆ. ಕೊನೆಗೆ ಸಿಕ್ಕಿದ್ದು ಅಡುಗೆಮನೆಯಲ್ಲಿ. ತೊಳೆದಿಟ್ಟ ತಟ್ಟೆ ಲೋಟಗಳ ಮಧ್ಯೆ ಬೋರಲು ಬಿದ್ದಿತ್ತು. ಎತ್ತಿ ತಿರುಗಿಸಿದೆ. 18 ಗುಳಿಗಳಿವೆ ಅದರಲ್ಲಿ. ಒಂದರಲ್ಲೂ ಚುಕ್ಕೆ ಬಣ್ಣವಿಲ್ಲ. ಅಂಗಡಿಯಿಂದ ತಂದ ದಿನವೂ ಅದು ಅಷ್ಟು ಬೆಳ್ಳಗಿರಲಿಲ್ಲ.

ಜಲವರ್ಣದ ಸಹವಾಸ ಇಲ್ಲದವರಿಗೆ ನನ್ನ ಗೋಳು ಸ್ವಲ್ಪ ಬಿಡಿಸಿ ಹೇಳಬೇಕು. ಟ್ಯೂಬಿನಿಂದ ಹಿಂಡಿದ ಬಣ್ಣ ಗುಳಿಯಲ್ಲಿ ಒಣಗಿ ಕಲ್ಲಿನ ಹಾಗಾಗುತ್ತದೆ. ಒಣಗಿತು ಅಂದರೆ ಕೆಟ್ಟಿತು ಅಂತಲ್ಲ. ಒದ್ದೆ ಕುಂಚ ಆಡಿಸಿದರೆ ಮತ್ತೆ ಬಿಟ್ಟುಕೊಳ್ಳುತ್ತದೆ. ಬಣ್ಣದ ಪುಡಿಯನ್ನು ಹಿಡಿದಿಟ್ಟುಕೊಂಡಿರುವುದು ಮರದ ಗೋಂದು, ಅದು ನೀರು ಕಂಡರೆ ಕರಗುವಂಥದ್ದು. ಅಕ್ರಿಲಿಕ್ ಆಗಿದ್ದರೆ ಒಣಗಿದ ಮೇಲೆ ಕಥೆ ಮುಗಿಯಿತು. ಜಲವರ್ಣ ಹಾಗಲ್ಲ, ಒಂದು ಸಲ ಗುಳಿ ತುಂಬಿಸಿದರೆ ತಿಂಗಳುಗಟ್ಟಲೆ ಬರುತ್ತದೆ. ನೋಡುವವರ ಕಣ್ಣಿಗೆ ಮಾತ್ರ ಅದು ವಾರದಿಂದ ತೊಳೆಯದ ಎಂಜಲು ತಟ್ಟೆ.

ನಮ್ಮನೆಯವರಿಗೂ ಹಾಗೇ ಕಂಡಿದೆ.

"ರೀ, ಇದನ್ನ ತೊಳೆದಿದ್ದು ಯಾರು?"

ಹೊದಿಕೆಯೊಳಗಿಂದಲೇ ಹೆಮ್ಮೆಯ ದನಿ ಬಂತು. "ನಾನೇ! ರಾತ್ರಿ ಅರ್ಧ ಗಂಟೆ ನಿಂತು ತಿಕ್ಕಿದ್ದೀನಿ. ಏನು ಅಂಟಿತ್ತು ಅಂತೀಯ! ಅದರಲ್ಲೂ ಆ ನೀಲಿ ಇದೆಯಲ್ಲ, ಜಪ್ಪಯ್ಯ ಅಂದ್ರೂ ಬಿಡಲಿಲ್ಲ. ಕೊನೆಗೆ ಹಳೇ ಹಲ್ಲುಜ್ಜೋ ಬ್ರಷ್ ತಗೊಂಡೆ."

ಆ ನೀಲಿ ಅಲ್ಟ್ರಾಮರೀನ್. ಹೊಸ ಟ್ಯೂಬು. ಹೋದ ಭಾನುವಾರವಷ್ಟೇ ಹಿಂಡಿದ್ದು.

ಬೈಯೋಣ ಅಂದರೆ ಬಾಯೇ ಬರಲಿಲ್ಲ. ಕುಡಿದ ಲೋಟಕ್ಕೆ ಒಂದು ತೊಟ್ಟು ನೀರು ಹಾಕಿಡದ ಮನುಷ್ಯ ಇವರು. ಮದುವೆಯಾದ ಮೇಲೆ ಯಾರೂ ಹೇಳದೆ ತಾವಾಗಿ ತೊಳೆದ ಮೊದಲ ಸಾಮಾನು ಇದೇ ಇರಬೇಕು. ಎದ್ದು ಬಂದು ಪಕ್ಕದಲ್ಲಿ ನಿಂತರು. ಶಹಬ್ಬಾಸ್‌ಗಿರಿಗೆ ಕಾಯುತ್ತಿದ್ದಾರೆ ಅಂತ ಮುಖದಲ್ಲೇ ಗೊತ್ತಾಗುತ್ತಿತ್ತು. ನಾನು ತಾಳ್ಮೆ ತಂದುಕೊಂಡು ಗೋಂದಿನ ವಿಷಯ, ಒಣಗುವ ವಿಷಯ, ಮತ್ತೆ ಕರಗುವ ವಿಷಯ ಎಲ್ಲಾ ಹೇಳಿದೆ. ತುಂಬಾ ಗಮನ ಕೊಟ್ಟು ಕೇಳಿದರು.

"ಓಹೋ! ಹಾಗಿದ್ರೆ ಸ್ವಲ್ಪ ಹೊತ್ತು ನೆನೆಹಾಕಿದ್ರೆ ಸಾಕಿತ್ತು. ಸುಮ್ನೆ ತಿಕ್ಕಿ ತಿಕ್ಕಿ ಕೈ ನೋವು ಮಾಡ್ಕೊಂಡೆ."

ಇವರಿಗೆ ಆಗಾಗ ಹೀಗೆ ಶುಚಿತ್ವ ಮೈಮೇಲೆ ಬರುತ್ತದೆ. ಬಂದಾಗಲೆಲ್ಲ ನೇರ ನನ್ನ ಟೇಬಲ್‌ಗೇ ಬರುತ್ತದೆ. ಅವರ ಅಂಗಿಗಳ ಗುಡ್ಡೆ ಹೊತ್ತು ನಿಂತ ಕುರ್ಚಿ ಪಕ್ಕದಲ್ಲೇ ಇದೆ, ಅದು ಕಣ್ಣಿಗೆ ಬೀಳುವುದಿಲ್ಲ. ಹಿಂದೊಮ್ಮೆ ನನ್ನ 8ನೇ ನಂಬರ್ ಕುಂಚದಲ್ಲಿ ಲ್ಯಾಪ್‌ಟಾಪಿನ ಕೀಲಿಮಣೆ ಗುಡಿಸುತ್ತಾ ಕೂತಿದ್ದರು. "ಎಷ್ಟು ಮೆತ್ತಗಿದೆ ಕಣೇ, ಸಂದಿಸಂದಿಗೂ ಹೋಗುತ್ತೆ" ಅಂದರು. ನನ್ನ ಚಿತ್ರಕಲೆಗೆ ಸಂಬಂಧಪಟ್ಟ ಹಾಗೆ ಅವರ ಬಾಯಿಂದ ಬಂದ ಹೊಗಳಿಕೆ ಅಂದರೆ ಅದೊಂದೇ.

ನಾನೇನೂ ದೊಡ್ಡ ಕಲಾವಿದೆ ಅಲ್ಲ ಬಿಡಿ. ಆಫೀಸಿಗೆ ಹೊರಡುವ ಮುಂಚೆ ಸಿಗುವ 40 ನಿಮಿಷದ ಹವ್ಯಾಸ ಇದು. ಅರ್ಧ ಒಣಗಿದ ಬಣ್ಣದ ಮೇಲೆ ಒಂದು ಹನಿ ನೀರು ಬಿದ್ದರೆ ಬಣ್ಣ ಅಂಚಿಗೆ ಸರಿದು ಹೂಕೋಸಿನ ಹಾಗೆ ಅರಳಿಬಿಡುತ್ತದೆ. ಚಿತ್ರ ಬರೆಯುವವರು ಅದನ್ನು ಹೂಕೋಸು ಅಂತಲೇ ಕರೆಯುತ್ತಾರೆ. ನನ್ನ ಆಕಾಶದಲ್ಲಿ ಮೋಡಕ್ಕಿಂತ ಅದೇ ಜಾಸ್ತಿ. 300 ಜಿಎಸ್‌ಎಂನ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪನೆಯ, ಒಳ್ಳೆಯ ಹತ್ತಿ ಕಾಗದ ಬೀರುವಿನಲ್ಲಿದೆ. ಕೈ ಪಳಗಿದ ಮೇಲೆ ತೆಗೆಯೋಣ ಅಂತ ಇಟ್ಟು 2 ವರ್ಷವಾಯಿತು. ಅಲ್ಲಿವರೆಗೆ ತೆಳು ಹಾಳೆಯಲ್ಲೇ ಅಭ್ಯಾಸ. ನೀರು ತಾಗಿದ ಕೂಡಲೇ ಅದು ಉಬ್ಬಿ, ಸೊಟ್ಟಗಾಗಿ, ಬಣ್ಣವೆಲ್ಲ ತಗ್ಗಿಗೆ ಹರಿದು ನಿಲ್ಲುತ್ತದೆ. ಕುಂಚವನ್ನು ಕಾಫಿಯಲ್ಲಿ ಅದ್ದುವುದು ವಾರಕ್ಕೊಮ್ಮೆಯಾದರೂ ಇದ್ದಿದ್ದೇ. ಕುಂಚ ತೊಳೆದ ನೀರನ್ನು ಕಾಫಿ ಅಂತ ಕುಡಿದದ್ದು ಒಂದೇ ಸಲ, ಪುಣ್ಯಕ್ಕೆ ಒಂದೇ ಗುಟುಕು.

ಬಣ್ಣ ಹೋದರೆ ಮತ್ತೆ ಹಿಂಡಬಹುದು. ಹೊಟ್ಟೆ ಉರಿದದ್ದು ಅದಕ್ಕಲ್ಲ. ಪ್ಯಾಲೆಟ್ಟಿನ ಬಲ ಮೂಲೆಯಲ್ಲಿ ಒಂದು ಬೂದು ಬಣ್ಣ ಇತ್ತು. ಅಲ್ಟ್ರಾಮರೀನಿಗೆ ಬರ್ಂಟ್ ಸಿಯೆನ್ನಾ ಅನ್ನುವ ಕೆಂಗಂದು ಬಣ್ಣ ಸೇರಿಸಿದರೆ ಬೂದು ಬರುತ್ತದೆ, ಅದು ಎಲ್ಲರಿಗೂ ಬರುತ್ತದೆ. ಆದರೆ ಆ ಮೂಲೆಯಲ್ಲಿ ಪ್ರತಿ ಚಿತ್ರದ್ದೂ ಮಿಕ್ಕಿದ್ದು ಒಂದಿಷ್ಟು ಸೇರಿಕೊಂಡಿತ್ತು. ಹಾಳಾದ ಗುಡ್ಡದ ಹಸಿರು, ಬಿಸಾಕಿದ ಸಂಜೆಯ ಕೆಂಪು, ಅಪ್ಪನ ಮುಖ ಬಿಡಿಸಲು ಹೋಗಿ ಅರ್ಧಕ್ಕೇ ಬಿಟ್ಟಾಗ ಉಳಿದ ಕಂದು. ಒಂದಲ್ಲ ಒಂದು ದಿನ ಮಳೆಗಾಲದ ಆಕಾಶ ಸರಿಯಾಗಿ ಬಂದರೆ ಅದು ಈ ಬೂದು ಬಣ್ಣದಿಂದಲೇ ಬರುತ್ತದೆ ಅಂತ ಯಾಕೋ ನಂಬಿಕೊಂಡಿದ್ದೆ. ಎಷ್ಟು ಏನು ಬೆರೆತಿತ್ತೋ ಯಾರಿಗೆ ಗೊತ್ತು? ಹಲ್ಲುಜ್ಜೋ ಬ್ರಷ್‌ಗೆ ಗೊತ್ತಿರಬಹುದು.

ಆಫೀಸಿಗೆ ಹೊರಡುವಾಗ ಖಡಕ್ಕಾಗಿ ಹೇಳಿದೆ. "ಇನ್ನು ಮೇಲೆ ನನ್ನ ಕೇಳದೆ ಏನನ್ನೂ ತೊಳೆಯಬೇಡಿ."

ಸಂಜೆ ಬಂದು ನೋಡಿದರೆ ಸಿಂಕ್ ತುಂಬಾ ಪಾತ್ರೆ. ಬೆಳಗಿನ ತಟ್ಟೆ, ಮಧ್ಯಾಹ್ನದ ತಟ್ಟೆ, ಲೋಟಗಳು, ಎಲ್ಲಾ ಹಾಗೇ ಕೂತಿವೆ. ಇವರು ಸೋಫಾದಲ್ಲಿ ಆರಾಮಾಗಿದ್ದರು. ನಾನು ಬಾಯಿ ತೆಗೆಯುವ ಮೊದಲೇ ಎದ್ದು ಬಂದು, ಸಿಂಕಿನಿಂದ ತಮ್ಮದೇ ಕಾಫಿ ಲೋಟ ಎತ್ತಿ, ಒಣಗಿ ಕಟ್ಟಿದ ತಳವನ್ನು ನನ್ನ ಮೂಗಿನ ಹತ್ತಿರ ಹಿಡಿದರು.

"ಇಲ್ಲಿ ಒಂಚೂರು ಕಂದು ಇದೆ. ನಿಂಗೆ ಬೇಕಾಗುತ್ತಾ, ಅಥವಾ ತೊಳೀಲಾ?"