ಗ್ರೂಪಿನಲ್ಲಿ ಕಳ್ಳರ ಸಂತೆ, ಠಾಣೆಯಲ್ಲಿ ಒಂದು ದೂರೂ ಇಲ್ಲ

"ಕಾರವಾರ ಮೊದಲಿನ ಹಾಗಿಲ್ಲ ಮಾರಾಯ್ರೆ." ಈ ಮಾತನ್ನು ಮೀನು ಮಾರ್ಕೆಟ್‌ನಲ್ಲೂ ಕೇಳಿದ್ದೇನೆ, ಟಾಗೋರ್ ಬೀಚಿನಲ್ಲಿ ವಾಕಿಂಗ್ ಬರುವವರ ಬಾಯಲ್ಲೂ ಕೇಳಿದ್ದೇನೆ. ನಮ್ಮ ಓಣಿಯ ವಾಟ್ಸ್‌ಆ್ಯಪ್ ಗ್ರೂಪಿನಲ್ಲಂತೂ ಮಳೆಗಾಲ ಶುರುವಾದರೆ ದಿನಕ್ಕೊಬ್ಬ ಕಳ್ಳ ಹುಟ್ಟುತ್ತಾನೆ. ಯಾವುದೋ ಸಿಸಿಟಿವಿ ತುಣುಕು, ಯಾವ ಊರಿನದೋ, ಯಾವ ವರ್ಷದ್ದೋ. ಕೆಳಗೆ "ಎಲ್ಲರೂ ಹುಷಾರ್" ಅಂತ ಒಂದು ಸಾಲು, ಕೈ ಮುಗಿದ ಇಮೋಜಿ.

ಹೆದರಿಕೆ ಸುಳ್ಳು ಅಂತ ನಾನು ಹೇಳಲ್ಲ. ಕಳೆದ ಮಳೆಗಾಲದಲ್ಲಿ ನಮ್ಮ ಸಾಲಿನಲ್ಲೇ ಒಂದು ಮನೆಯ ಬಚ್ಚಲಿಂದ ತಾಮ್ರದ ಹಂಡೆ ಹೋಯ್ತು. ಒಲೆಯ ಮೇಲೆ ಸುತ್ತ ಮಣ್ಣು ಮೆತ್ತಿ ಕೂರಿಸಿದ್ದ ಹಂಡೆ. ಮಣ್ಣು ಕೆರೆದು, ನೀರು ಚೆಲ್ಲಿ, ಎಬ್ಬಿಸಿಕೊಂಡು ಹೊತ್ತೊಯ್ದಿದ್ದಾರೆ. ಗೋಡೆಯಾಚೆ ಮಲಗಿದ್ದವರಿಗೆ ಗೊತ್ತೇ ಆಗಿಲ್ಲ. ಜುಲೈ ಮಳೆ ತಗಡಿನ ಮೇಲೆ ಬೀಳುವಾಗ ಪಕ್ಕದಲ್ಲಿ ಕೂತವರ ಮಾತೇ ಕೇಳಲ್ಲ, ಇನ್ನು ಹಂಡೆ ಎತ್ತಿದ್ದು ಕೇಳುತ್ತಾ? ಬೆಳಿಗ್ಗೆ ನೋಡಿದರೆ ಒಲೆಯ ಮೇಲೆ ದುಂಡಗಿನ ತೂತು, ಒದ್ದೆ ಬೂದಿಯಲ್ಲಿ ಬರಿಗಾಲಿನ ಗುರುತು. ಆಮೇಲೆ ಓಣಿಯವರೆಲ್ಲ ನೋಡಲು ಬಂದು ಆ ಗುರುತನ್ನೂ ತುಳಿದರು.

ದೂರು ಕೊಟ್ಟರಾ? ಇಲ್ಲ. "ಹಳೇ ಹಂಡೆಗಾಗಿ ಸ್ಟೇಷನ್ ಮೆಟ್ಟಿಲು ಯಾರು ಹತ್ತುತ್ತಾರೆ" ಅಂದರು. ಅದಕ್ಕೂ ಮೊದಲು ಪಕ್ಕದ ಸಾಲಿನಲ್ಲಿ ಗ್ಯಾಸ್ ಸಿಲಿಂಡರ್ ಹೋಗಿತ್ತು, ಬಾವಿಯ ಪಂಪಿನ ವೈರ್ ಹೋಗಿತ್ತು. ಅವಕ್ಕೂ ದೂರಿಲ್ಲ. ಪೊಲೀಸ್ ಲೆಕ್ಕದಲ್ಲಿ ನಮ್ಮ ಓಣಿಯಲ್ಲಿ ಏನೂ ನಡೆದೇ ಇಲ್ಲ. ನಡೆಯದ ಜಾಗಕ್ಕೆ ರಾತ್ರಿ ಗಸ್ತು ಯಾಕೆ ಹೆಚ್ಚಿಸುತ್ತಾರೆ ಹೇಳಿ?

ಅಪರಾಧ ಪ್ರಮಾಣ ಅಂದರೆ ಲಕ್ಷ ಜನಕ್ಕೆ ಎಷ್ಟು ಪ್ರಕರಣ ಅನ್ನೋ ಲೆಕ್ಕ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಟಿಸುವ ಅಂಕಿಗಳು ನಿಂತಿರುವುದು ಠಾಣೆಯಲ್ಲಿ ದಾಖಲಾದ ಪ್ರಕರಣಗಳ ಮೇಲೆ. ಒಂದೇ ಎಫ್‌ಐಆರ್‌ನಲ್ಲಿ ನಾಲ್ಕು ಅಪರಾಧ ಇದ್ದರೂ ಅದರಲ್ಲಿ ದೊಡ್ಡದೊಂದನ್ನೇ ಎಣಿಸುತ್ತಾರೆ. ಪೇಪರಿನಲ್ಲಿ ಬರುವ ಮಹಾನಗರಗಳ ಪಟ್ಟಿ 20 ಲಕ್ಷಕ್ಕಿಂತ ಜಾಸ್ತಿ ಜನ ಇರುವ ಊರುಗಳದ್ದು, ನಮ್ಮ ರಾಜ್ಯದಿಂದ ಬೆಂಗಳೂರು ಮಾತ್ರ. ಇಡೀ ಉತ್ತರ ಕನ್ನಡ ಜಿಲ್ಲೆಯಲ್ಲೇ 2011ರ ಜನಗಣತಿಯಲ್ಲಿ ಇದ್ದವರು 14.37 ಲಕ್ಷ. ಕಾರವಾರ ಊರು ಒಂದು ಲಕ್ಷವನ್ನೂ ಮುಟ್ಟಿರಲಿಲ್ಲ. ಇಷ್ಟು ಸಣ್ಣ ಊರಲ್ಲಿ ಒಂದು ವರ್ಷ ಒಂದು ಕೊಲೆ, ಮರುವರ್ಷ ಎರಡು ಆದರೆ "ಕೊಲೆ ದುಪ್ಪಟ್ಟು" ಅಂತ ತಲೆಬರಹ ಹಾಕಬಹುದು. ಅದನ್ನು ಓದಿ ಸಂಜೆ ಆರಕ್ಕೇ ಬಾಗಿಲು ಹಾಕಿಕೊಳ್ಳುವವರನ್ನೂ ನೋಡಿದ್ದೇನೆ.

ಇನ್ನು "ಎಲ್ಲ ಹೊರಗಿನವರದ್ದೇ ಕೆಲಸ" ಅನ್ನೋ ಮಾತು. ಇದು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಕೈಗಾ ಅಣುಸ್ಥಾವರ ಬಂತು, ಸೀಬರ್ಡ್ ನೌಕಾನೆಲೆ ಬಂತು, ಬಂದರಿನಲ್ಲಿ ಕೆಲಸ ಬಂತು. ಜನರೂ ಬಂದರು. ಮೇಲಿನ ಮಹಡಿ ಕಟ್ಟಿಸಿ ಅವರಿಗೇ ಬಾಡಿಗೆ ಕೊಟ್ಟವರು ನಾವೇ ಅಲ್ವಾ? ಬಾಡಿಗೆಯನ್ನು ನಗದಾಗಿ ಎಣಿಸಿಕೊಂಡು, ಒಂದು ಕರಾರು ಪತ್ರವನ್ನೂ ಮಾಡದೆ, ಆಧಾರ್ ಪ್ರತಿಯನ್ನೂ ಕೇಳದೆ ಬೀಗದ ಕೈ ಕೊಟ್ಟ ಮಾಲೀಕರೇ ಗ್ರೂಪಿನಲ್ಲಿ ಹೊರಗಿನವರ ಬಗ್ಗೆ ಉದ್ದುದ್ದ ಬರೆಯುತ್ತಾರೆ. ಬೋಟಿನ ಹುಡುಗರ ಮೇಲೆ ಎಲ್ಲರಿಗೂ ಅನುಮಾನ. ಆದರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ಬಂದ್. ಆಗ ಬೈತಖೋಲ ಮೀನುಗಾರಿಕಾ ಬಂದರಿನ ಬೋಟುಗಳಲ್ಲಿ ದುಡಿಯುವ ಹೊರರಾಜ್ಯದವರು ಬಹುತೇಕ ತಮ್ಮ ಊರಿಗೆ ಹೋಗಿರುತ್ತಾರೆ. ನಮ್ಮ ಓಣಿಯ ಹಂಡೆ ಹೋಗಿದ್ದೂ ಆಗಲೇ. ಒಂದು ಹಂಡೆಯಿಂದ ಏನೂ ಸಾಬೀತಾಗಲ್ಲ, ಒಪ್ಪುತ್ತೇನೆ. ಆದರೆ ಈ ಅನುಮಾನಕ್ಕೆ ಅಷ್ಟು ಆಧಾರವೂ ಇಲ್ಲ. ಈಚೆಗೆ ಒಬ್ಬ ಹುಡುಗನನ್ನು ಗೇಟಿನ ಹತ್ತಿರ ನಿಲ್ಲಿಸಿ, ಫೋಟೋ ತೆಗೆದು ಗ್ರೂಪಿಗೆ ಹಾಕಿದರು. ಅವನ ಕೈಯಲ್ಲಿದ್ದದ್ದು ಬಾಡಿಗೆ ರೂಮಿನ ವಿಳಾಸ ಬರೆದ ಚೀಟಿ. ಆ ಫೋಟೋ ಈಗಲೂ ಎಷ್ಟು ಮೊಬೈಲಿನಲ್ಲಿದೆಯೋ.

ನನ್ನ ಪ್ರಕಾರ ಕಳ್ಳನಿಗೆ ದಾರಿ ಮಾಡಿಕೊಡುವುದು ಖಾಲಿ ಮನೆಗಳು. ಮಕ್ಕಳು ಬೆಂಗಳೂರು, ಗೋವಾ, ಗಲ್ಫ್ ಅಂತ ಹೋಗಿದ್ದಾರೆ. ಎಷ್ಟೋ ಮನೆಗಳಲ್ಲಿ ಇಬ್ಬರೇ ವಯಸ್ಸಾದವರು, ಕೆಲವು ಮನೆಗಳಿಗೆ ಬೀಗ. ಚೌತಿ ಬಂತು ಅಂದರೆ ಅರ್ಧ ಓಣಿಯೇ ಮೂಲಮನೆಗೆ ಹೊರಡುತ್ತದೆ. ಹೋಗುವಾಗ ಎಲ್ಲರೂ ಹೊರಗಿನ ಬಲ್ಬ್ ಹಾಕಿಟ್ಟು ಹೋಗುತ್ತಾರೆ, ಮನೆಯಲ್ಲಿ ಜನ ಇದ್ದಾರೆ ಅಂತ ಕಾಣಲಿ ಅಂತ. ಮಧ್ಯಾಹ್ನ ಹನ್ನೆರಡಕ್ಕೂ ಬಲ್ಬ್ ಉರಿಯುತ್ತಿದ್ದರೆ ಯಾರು ತಾನೇ ಒಳಗಿದ್ದಾರೆ? ಗೇಟಿಗೆ ಸಿಕ್ಕಿಸಿದ ಕರಪತ್ರ ಮಳೆಗೆ ನೆನೆದು ಮುದ್ದೆಯಾಗಿರುತ್ತದೆ. ಇದು ಸಾಲದು ಅಂತ ಮೂಲಮನೆಯ ಗಣಪತಿ ಮುಂದೆ ಮನೆಮಂದಿಯೆಲ್ಲ ನಿಂತ ಫೋಟೋ ಸ್ಟೇಟಸ್‌ನಲ್ಲಿ!

ಕ್ಯಾಮೆರಾ ಇದೆಯಲ್ಲ ಅನ್ನುತ್ತಾರೆ. ಇದೆ. ಉಪ್ಪುಗಾಳಿಗೆ ಗಾಜು ಮಂಜಾಗಿದೆ, ಅದರ ಮೇಲೆ ಜೇಡರ ಬಲೆ. ಗಾಳಿ ಮಳೆಗೆ ಕರೆಂಟ್ ಹೋದರೆ ಅದೂ ಮಲಗುತ್ತದೆ, ಯುಪಿಎಸ್ ಹಾಕಿಸಿದವರು ಅಪರೂಪ.

ಅತ್ತ ಬೀಗ ಒಡೆಯದೆ ನಡೆಯುವ ಕಳ್ಳತನವೂ ಇದೆ. "ಡಿಜಿಟಲ್ ಅರೆಸ್ಟ್" ಅಂತ ವಿಡಿಯೋ ಕಾಲಿನಲ್ಲಿ ಹೆದರಿಸಿ ದುಡ್ಡು ಕೀಳುವವರಿಗೆ ನಮ್ಮ ಕಾಂಪೌಂಡ್ ಗೋಡೆ ಲೆಕ್ಕಕ್ಕೇ ಇಲ್ಲ. ಅಂಥ ಅರೆಸ್ಟ್ ಯಾವ ಕಾನೂನಿನಲ್ಲೂ ಇಲ್ಲ. ದುಡ್ಡು ಹೋದರೆ ಮೊದಲು ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಎಷ್ಟು ಬೇಗ ಹೇಳಿದರೆ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಜಾಸ್ತಿ. ನಾಚಿಕೆಪಟ್ಟು ಎರಡು ದಿನ ಸುಮ್ನೆ ಕೂತರೆ ಹಣ ಹತ್ತು ಖಾತೆ ದಾಟಿರುತ್ತದೆ.

ದೂರು ಕೊಡುವುದು ಮೊದಲಿನಷ್ಟು ತಲೆನೋವಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಹೇಳಬಹುದು. ಆನ್‌ಲೈನ್‌ನಲ್ಲಿ ತಿಳಿಸಿದರೆ 3 ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತ. ಮನೆಯೊಳಗಿನ ಕಳವಿಗೆ ಭಾರತೀಯ ನ್ಯಾಯ ಸಂಹಿತೆಯ 305ನೇ ಕಲಂನಲ್ಲಿ 7 ವರ್ಷದವರೆಗೂ ಶಿಕ್ಷೆ ಇದೆ, ಹಳೇ ಹಂಡೆ ಅಂತ ಯಾರೂ ನಗಬೇಕಿಲ್ಲ. ಠಾಣೆಯಲ್ಲಿ "ಬಿಡಿ, ಆಮೇಲೆ ನೋಡೋಣ" ಅನ್ನುವವರೂ ಸಿಗುತ್ತಾರೆ, ನನಗೂ ಸಿಕ್ಕಿದ್ದಾರೆ. ಆಗ ಎಸ್‌ಪಿಯವರಿಗೆ ಬರೆದು ಕಳಿಸಬಹುದು, ಅದಕ್ಕೂ ಅದೇ 173ನೇ ಕಲಂನಲ್ಲಿ ಅವಕಾಶ ಇದೆ.

ಈ ಸಲ ಚೌತಿಗೆ ಮೂಲಮನೆಗೆ ಹೊರಡುವ ನಮ್ಮ ಓಣಿಯವರು ಯಾವತ್ತು ಹೋಗುತ್ತೀರಿ, ಯಾವತ್ತು ಬರುತ್ತೀರಿ ಅಂತ ಗ್ರೂಪಿನಲ್ಲಿ ಹಾಕಬೇಡಿ, ನನಗೆ ಬಂದು ಹೇಳಿ. ಪಟ್ಟಿ ಮಾಡಿ ಬೀಟ್ ಪೊಲೀಸರಿಗೆ ಕೊಡುತ್ತೇನೆ. ನಿಮ್ಮ ಗೇಟಿನ ಕರಪತ್ರ ತೆಗೆಯುವುದು, ಹಗಲು ಬಲ್ಬ್ ಆರಿಸುವುದು ನನ್ನ ಕೆಲಸ. ಹೊರಗಿನ ಸ್ವಿಚ್ ಎಲ್ಲಿದೆ ಅಂತ ಮಾತ್ರ ತೋರಿಸಿ ಹೋಗಿ.