ಕಾಲು ಕಿಲೋ ಕಾವ್ಯ ಕೊಡಿ

ಗಾಂಧಿ ಬಜಾರಿನಲ್ಲಿ ಬೆಂಡೆಕಾಯಿ ಕೊಳ್ಳುವ ಬೆಂಗಳೂರಿಗ ಒಂದೊಂದರ ತುದಿಯನ್ನೂ ಮುರಿದು ನೋಡುತ್ತಾನೆ. ಮಾರುವಾಕೆ ಗದರಿದರೂ ಬಿಡುವುದಿಲ್ಲ. ಅದೇ ಮಹಾಶಯ ನಾಲ್ಕು ಹೆಜ್ಜೆ ಆಚೆಗಿನ ಪುಸ್ತಕದಂಗಡಿ ಹೊಕ್ಕರೆ, 350 ರೂಪಾಯಿಯ ಕಾದಂಬರಿಯ ಒಂದು ಪುಟವನ್ನೂ ತೆರೆಯದೆ ಜೇಬಿಗೆ ಕೈ ಹಾಕುತ್ತಾನೆ. ಪರೀಕ್ಷೆ ಮಾಡುವುದಿಲ್ಲ ಎಂದಲ್ಲ. ಒಳಗೆ ಏನು ಬರೆದಿದೆ ಎಂಬುದೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಕೂಲಂಕಷವಾಗಿ ಪರೀಕ್ಷಿಸುತ್ತಾನೆ.

ಮೊದಲ ಪ್ರಶ್ನೆ, ಇದು ಎಷ್ಟನೇ ಮುದ್ರಣ? ಮೊದಲನೆಯದು ಎಂದರೆ ಮುಖ ಹುಳ್ಳಗಾಗುತ್ತದೆ. ಬಿಡುಗಡೆಯಾಗಿ ವಾರ ತುಂಬುವುದರೊಳಗೆ ನಾಲ್ಕನೆಯದು ಎಂದರೆ ಎರಡು ಪ್ರತಿ ಕಟ್ಟಿಸಿಕೊಳ್ಳುತ್ತಾನೆ. ಬೇಕಾದಷ್ಟೇ ಪ್ರತಿ ತೆಗೆದುಕೊಡುವ ಡಿಜಿಟಲ್ ಯಂತ್ರಗಳು ಬಂದ ಮೇಲೆ ಒಂದು ಮುದ್ರಣವೆಂದರೆ ಸಾವಿರ ಪ್ರತಿಯೂ ಆಗಬಹುದು, ಐವತ್ತೂ ಆಗಬಹುದು. ಕೃತಿಸ್ವಾಮ್ಯದ ಪುಟದಲ್ಲಿ ‘ಪ್ರತಿಗಳು’ ಎಂಬ ಸಾಲೊಂದು ಇರುತ್ತಿತ್ತು. ಜಾಣ ಪ್ರಕಾಶಕರು ಅದನ್ನು ಕೈಬಿಟ್ಟು ‘ನಾಲ್ಕನೇ ಮುದ್ರಣ’ ಎಂಬುದನ್ನು ಮುಖಪುಟಕ್ಕೆ ಬಡ್ತಿ ಕೊಟ್ಟು ಕಳುಹಿಸಿದ್ದಾರೆ.

ಇನ್ನು ಬಿಡುಗಡೆ ಸಮಾರಂಭ. ಭಾನುವಾರ ಬೆಳಿಗ್ಗೆ ಹತ್ತೂವರೆ, ಬಸವನಗುಡಿಯಲ್ಲೋ ಚಾಮರಾಜಪೇಟೆಯಲ್ಲೋ ಒಂದು ಸಭಾಂಗಣ. ಆಹ್ವಾನ ಪತ್ರಿಕೆಯ ಕೊನೆಯಲ್ಲಿ ‘ಮೊದಲಿಗೆ ಲಘು ಉಪಾಹಾರ’ ಎಂದಿರುತ್ತದೆ, ಸಾಹಿತ್ಯಾಸಕ್ತರು ಮೊದಲು ಓದುವುದು ಆ ಸಾಲನ್ನೇ. ಉಪ್ಪಿಟ್ಟು, ಕೇಸರಿಬಾತು ಮುಗಿಸಿ ಕೈ ತೊಳೆದುಕೊಂಡು ಬರುವ ದಾರಿಗೆ ಸರಿಯಾಗಿ ಅಡ್ಡಲಾಗಿ ಪುಸ್ತಕದ ಮೇಜು. ಮೇಜಿನ ಹಿಂದೆ ಲೇಖಕರ ಭಾವಮೈದ, ಪಕ್ಕದಲ್ಲಿ ಸಾಕ್ಷಾತ್ ಲೇಖಕರು. ಉಪ್ಪಿಟ್ಟಿನ ಋಣ ಬೇರೆ. ಇಲ್ಲಿ ಪುಸ್ತಕ ಆರಿಸುವ ಪ್ರಶ್ನೆಯೇ ಏಳುವುದಿಲ್ಲ. ಪುಸ್ತಕವೇ ಓದುಗನನ್ನು ಆರಿಸಿಕೊಳ್ಳುತ್ತದೆ.

“ಏನೆಂದು ಬರೆಯಲಿ ಸಾರ್?”

“‘ಆತ್ಮೀಯ’ ಅಂತ ಸೇರಿಸಿ. ಫೋಟೋದಲ್ಲಿ ಮುಖಪುಟ ನೇರವಾಗಿ ಬರಲಿ.”

ಚಿತ್ರ ಮೊಬೈಲಿನಲ್ಲಿ ಏರಿತೆಂದರೆ ಪುಸ್ತಕದ ಕೆಲಸ ಮುಗಿದಂತೆ. 2025ರ ಫೆಬ್ರುವರಿ ಕೊನೆಯಲ್ಲಿ ವಿಧಾನಸೌಧದ ಆವರಣದಲ್ಲೇ ಪುಸ್ತಕ ಮೇಳ ನಡೆದಾಗಲೂ ಹೀಗೆಯೇ: ಹಿಂದೆ ವಿಧಾನಸೌಧ, ಮುಂದೆ ನಾವು, ಎದೆಗೆ ಆನಿಸಿಕೊಂಡ ಪುಸ್ತಕ. ಯಾವ ಪುಸ್ತಕ ಎಂಬುದು ಮುಖ್ಯವಲ್ಲ, ಅಂಗಿಯ ಬಣ್ಣಕ್ಕೆ ಒಪ್ಪಿದರೆ ಸಾಕು.

ಬಹುಮಾನ ನೋಡಿ ಕೊಳ್ಳುವವರು ಸ್ವಲ್ಪ ಮೇಲಿನ ದರ್ಜೆಯವರು. 2025ರ ಮೇ 20ರಂದು ಬಾನು ಮುಷ್ತಾಕ್ ಮತ್ತು ಅನುವಾದಕಿ ದೀಪಾ ಭಾಸ್ತಿ ಅವರಿಗೆ ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂತಲ್ಲ, ‘ಹಾರ್ಟ್ ಲ್ಯಾಂಪ್’ ಎಂಬ ಆ ಇಂಗ್ಲಿಷ್ ಸಂಕಲನದ 12 ಕತೆಗಳೂ ಮೊದಲು ಕನ್ನಡದಲ್ಲೇ, 1990ರಿಂದ 2023ರವರೆಗಿನ ಅವಧಿಯಲ್ಲಿ, ಬೆಳಕು ಕಂಡವು. ಮೂರು ದಶಕ ಕಳೆದರೂ ಲೇಖಕಿಯ ಊರಾದ ಹಾಸನದಿಂದ ಬೆಂಗಳೂರಿಗೆ ಮುಟ್ಟದ ಸುದ್ದಿ ಲಂಡನ್ನಿನಿಂದ ಒಂದೇ ರಾತ್ರಿಯಲ್ಲಿ ಮುಟ್ಟಿತು. ಮರುದಿನದ ಗಿರಾಕಿ ಅಂಗಡಿಗೆ ಧಾವಿಸಿ “ಬೂಕರ್ ಪುಸ್ತಕ ಕೊಡಿ” ಎನ್ನುತ್ತಾನೆ. ಕನ್ನಡದ್ದೋ ಇಂಗ್ಲಿಷಿನದ್ದೋ ಎಂದು ಕೇಳಿದರೆ, “ಬಹುಮಾನ ಯಾವುದಕ್ಕೆ ಬಂತೋ ಅದು.” ಇಂಥವನಿಗೆ ಕನ್ನಡ ಅರ್ಥವಾಗುವುದಿಲ್ಲ ಎಂದುಕೊಳ್ಳಬೇಡಿ, ಮನೆಮಾತೇ ಅದು.

ರಿಯಾಯಿತಿ ಇದ್ದರೆ ಮಾತ್ರ ಕೊಳ್ಳುವ ಪಂಗಡದವರು ನವೆಂಬರ್ ಬರುವ ತನಕ ಕನ್ನಡಾಭಿಮಾನವನ್ನು ಅದುಮಿಟ್ಟುಕೊಂಡಿರುತ್ತಾರೆ. ತೂಕಕ್ಕೆ ಹಾಕಿ ಮಾರುವ ಪ್ರದರ್ಶನಗಳಲ್ಲಂತೂ ನಿಘಂಟಿಗೆ ಕಷ್ಟ, ಕವನ ಸಂಕಲನಕ್ಕೆ ಸುಗ್ಗಿ. ಕಾಲು ಕಿಲೋಗೆ ಮೂವರು ಕವಿಗಳು ಬರುತ್ತಾರೆ.

ಆದರೆ ಹತ್ತು ರೂಪಾಯಿ ಬಿಡಿ ಎಂದು ಚೌಕಾಸಿ ಮಾಡುವ ಈ ಮನುಷ್ಯ ವರ್ಷ ವರ್ಷವೂ ಕಂಡರಿಯದ ಪುಸ್ತಕಗಳಿಗೆ ದುಡ್ಡು ಕಟ್ಟುತ್ತಲೇ ಇರುತ್ತಾನೆ. ಆಸ್ತಿ ತೆರಿಗೆಯ ರಸೀದಿಯನ್ನು ಒಮ್ಮೆ ತೆಗೆದು ನೋಡಲಿ: ಶೇ 6ರಷ್ಟು ಗ್ರಂಥಾಲಯ ಕರ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಕೃಪೆ. ಅವನ ಪರವಾಗಿ ಪುಸ್ತಕ ಆರಿಸುವ ಹೊಣೆಯನ್ನು ಸರ್ಕಾರವೇ ಹೊತ್ತಿದೆ. ಸಮಿತಿ ಒಪ್ಪಿದರೆ ಒಂದು ಶೀರ್ಷಿಕೆಗೆ 300 ಪ್ರತಿ. ಇಷ್ಟು ಪ್ರತಿಗಳನ್ನು ಒಂದೇ ಏಟಿಗೆ ಕೊಳ್ಳುವ ಇನ್ನೊಬ್ಬ ರಸಿಕ ಕನ್ನಡ ನಾಡಿನಲ್ಲಿಲ್ಲ. ದರ ಕಟ್ಟುವ ಕ್ರಮವೂ ಪಕ್ಷಪಾತವಿಲ್ಲದ್ದು: ಪುಟಕ್ಕೆ ಇಷ್ಟು ಎಂದು. ಮಹಾಕಾವ್ಯದ ಪುಟಕ್ಕೂ ಅಷ್ಟೇ, ಮಧುಮೇಹಿಗಳ ಅಡುಗೆಯ ಪುಟಕ್ಕೂ ಅಷ್ಟೇ. ಜಾತಿಭೇದವಿಲ್ಲದ ಸಮಾಜ ಬೇರೆಲ್ಲೂ ಬರದಿದ್ದರೂ ದರಪಟ್ಟಿಯಲ್ಲಿ ಬಂದಿದೆ. ಖಾಲಿ ಜಾಗಕ್ಕೂ ಕಾಸು ಹುಟ್ಟುವ ಈ ವ್ಯವಸ್ಥೆಯನ್ನು ಅಕ್ಷರಗಳು ಮೊದಲು ಅರ್ಥಮಾಡಿಕೊಂಡವು, ತಾವಾಗಿಯೇ ದಪ್ಪಗಾದವು. ಅಂಚುಗಳು ಅಗಲವಾದವು. ಮುನ್ನುಡಿಯ ಹಿಂದೆ ಹಾರೈಕೆ, ಅದರ ಹಿಂದೆ ಲೇಖಕರ ಮಾತು, ಪ್ರಕಾಶಕರ ಮಾತು, ಒಟ್ಟಿನಲ್ಲಿ ಕತೆ ಶುರುವಾಗುವ ಹೊತ್ತಿಗೆ ನಲವತ್ತು ಪುಟ ಬಿಲ್ಲಿಗೆ ಸೇರಿರುತ್ತದೆ.

ಹಸ್ತಪ್ರತಿ ಹಿಡಿದುಕೊಂಡು ಬಂದ ತರುಣ ಕವಿಗೆ ಪ್ರಕಾಶಕರು ಕಾಫಿ ತರಿಸಿಕೊಟ್ಟು ಹೇಳಿದ್ದು ಇಷ್ಟೇ: “ಖಂಡಕಾವ್ಯ ಎಲ್ಲ ಬೇಡಪ್ಪ, ಹಾಯ್ಕು ಬರಿ. ಮೂರೇ ಸಾಲು, ಪುಟಕ್ಕೆ ಒಂದು.”