ರಕ್ತ ತೆಗೆಯುವ ಕ್ರಮವೂ ಮುಖ್ಯ

ಕುದುರೆಯ ರಕ್ತದ ಪಿಎಚ್ (ಆಮ್ಲೀಯತೆ ಅಥವಾ ಕ್ಷಾರೀಯತೆಯ ಅಳತೆ) ಕುರಿತ ಲೇಖನವೊಂದನ್ನು ಓದಿ ಇದನ್ನು ಬರೆಯುತ್ತಿದ್ದೇನೆ. ಆರೋಗ್ಯವಂತ ಕುದುರೆಯಲ್ಲಿ ಅದು ಸುಮಾರು 7.32ರಿಂದ 7.44ರವರೆಗೆ ಇರುತ್ತದೆ ಎಂದು ಆ ಲೇಖನದಲ್ಲಿ ಹೇಳಿರುವುದು ಸರಿ. ಆದರೆ ಆ ಅಂಕಿಯನ್ನು ಎಷ್ಟು ನಂಬಬಹುದು ಎಂಬುದು ರಕ್ತವನ್ನು ಹೇಗೆ ತೆಗೆದರು ಎನ್ನುವುದನ್ನೇ ಅವಲಂಬಿಸಿದೆ. ಕುತ್ತಿಗೆಯ ಅಭಿಧಮನಿಯಿಂದ ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ) ಸವರಿದ ಸಿರಿಂಜಿಗೆ ರಕ್ತ ಎಳೆದಾಗ ಒಳಗೆ ಗಾಳಿಗುಳ್ಳೆಗಳು ಉಳಿದರೆ ಇಂಗಾಲದ ಡೈಆಕ್ಸೈಡ್ ಅವುಗಳೊಳಕ್ಕೆ ಸರಿದು ಪಿಎಚ್ ಏರಿದಂತೆ ಕಾಣುತ್ತದೆ. ಅದೇ ಮಾದರಿಯನ್ನು ತಣ್ಣಗಿಡದೆ ಬಹಳ ಹೊತ್ತು ಬಿಟ್ಟರೆ, ಕೆಂಪು ರಕ್ತಕಣಗಳು ಗ್ಲೂಕೋಸನ್ನು ಬಳಸುತ್ತಲೇ ಇರುವುದರಿಂದ ಅದರಿಂದ ಉಂಟಾಗುವ ಲ್ಯಾಕ್ಟೇಟ್ ಎಂಬ ವಸ್ತು ಹೆಚ್ಚಿ ಪಿಎಚ್ ಇಳಿಯುತ್ತದೆ. ಆಗಷ್ಟೇ ನಾಗಾಲೋಟದಿಂದ ಬಂದು ಏದುಸಿರು ಬಿಡುತ್ತಿರುವ ಕುದುರೆಯ ರಕ್ತವನ್ನು ವಿಶ್ರಾಂತ ಸ್ಥಿತಿಯ ಅಂಕಿಗಳ ಜೊತೆ ಸೇರಿಸುವುದಂತೂ ನನ್ನ ದೃಷ್ಟಿಯಲ್ಲಿ ದೊಡ್ಡ ತಪ್ಪು. ಮಾದರಿ ಅಪಧಮನಿಯದೋ ಅಭಿಧಮನಿಯದೋ ಎಂಬುದನ್ನೂ ಲೇಖಕರು ಕೋಷ್ಟಕದಲ್ಲಿ ದಯವಿಟ್ಟು ನಮೂದಿಸಬೇಕು.